ಬಿಸಿಯೇರದ ನೀರು

ಹೆಣ್ಣುಮಗಳು ತೀರಿಕೊಂಡರೆ ತವರಿನಿಂದ ಸೀರೆ ಬರಬೇಕು. ಅಣ್ಣನೋ ತಮ್ಮನೋ ಅದನ್ನು ತಂದು ಹೊದಿಸಿದ ಮೇಲೆಯೇ ಹೆಣ ಎತ್ತುವುದು. ನಮ್ಮ ಕೊಳ್ಳೇಗಾಲದ ಕಡೆಯೂ ಹಾಗೇ, ಮದರಾಸಿನವರಲ್ಲೂ ಹಾಗೇ. ಅಕ್ಕನಿಗೆ ತವರು ಅಂತ ಉಳಿದವನು ನಾನೊಬ್ಬನೇ. ಮೈಲಾಪೂರಿನ ಅಂಗಡಿಯಿಂದ ನೀಲಿ ಸೀರೆಯೊಂದನ್ನು ತಂದು ಹೊದಿಸಿದೆ. ನೆರೆದವರಲ್ಲಿ ಯಾರೋ, “ತಮ್ಮ ಅಂದರೆ ಹೀಗಿರಬೇಕು, ಕೊನೆಯವರೆಗೂ ಕೈಬಿಡಲಿಲ್ಲ” ಅಂದರು. ನಾನು ತಲೆ ತಗ್ಗಿಸಿದೆ. ದುಃಖಕ್ಕೆ ತಗ್ಗಿಸಿದ ಅಂದುಕೊಂಡರು.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಜಾರುತ್ತದೆ. ಆದರೂ ಅಕ್ಕ ಎಂಥವಳು ಅಂತ ಎಲ್ಲಾದರೂ ಒಂದು ಕಡೆ ಬರೆದಿರಬೇಕು. ಅವಳಿಗೆ ನಾನು ಏನು ಮಾಡಿದೆ ಅನ್ನುವುದೂ ಇರಬೇಕು.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕಲಾಸಿಯಾಗಿದ್ದ. ನಾವಿಬ್ಬರೂ ಮದರಾಸಿನಲ್ಲೇ ಬೆಳೆದದ್ದು, ಆದರೆ ಮನೆಯಲ್ಲಿ ಊರಿನ ಮಾತೇ. ಅಕ್ಕನನ್ನು ಮೈಲಾಪೂರಿಗೆ ಕೊಟ್ಟರು. ಭಾವನದು ಸ್ವಂತ ಅಂಬಾಸಿಡರ್ ಟ್ಯಾಕ್ಸಿ. ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಭಾವ ಕಾಮಾಲೆಯಾಗಿ ಹೋಗಿಬಿಟ್ಟ. ಟ್ಯಾಕ್ಸಿ ಮನೆ ಮುಂದೆ ಧೂಳು ತಿನ್ನುತ್ತ ನಿಂತಿತ್ತು. ಕಾರು ಕೇಳಲು ಬಂದ ಬ್ರೋಕರಿಗೆ ಅಕ್ಕ, “ಒಂದ್ ತಿಂಗ್ಳು ತಡೀರಿ” ಅಂದಳು. ಆ ತಿಂಗಳಲ್ಲಿ ಓಡಿಸುವುದನ್ನು ಕಲಿತಳು. ಕಲಿಸಿದವನು ನಾನೇ. ಆಗ ಒಂದು ಶೆಡ್ಡಿನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದೆ. ಬೆಳಗಿನ ಆರು ಗಂಟೆಗೆ ಕಡಲ ದಾರಿಯಲ್ಲಿ ಪಕ್ಕ ಕೂತು ಕ್ಲಚ್ ಬಿಡುವುದು ಹೇಗೆ ಅಂತ ಎರಡು ದಿನ ವಿವರಿಸಿದೆ. ಮೂರನೇ ದಿನ ಅವಳೇ ಹೇಳಿದಳು: “ಮಲಗಿರೋ ಮಗೀನ ತಲೆ ಕೆಳಗಿಂದ ಕೈ ತಗೀತೀವಲ್ಲ, ಹಂಗೇ ಅಲ್ವೇನ್ಲಾ?” ಇವತ್ತಿಗೂ ನನ್ನ ಶೆಡ್ಡಿಗೆ ಯಾರಾದರೂ ಡ್ರೈವಿಂಗ್ ಕಲಿಯುವವರು ಬಂದರೆ ಅದನ್ನೇ ಹೇಳುತ್ತೇನೆ. ಅಕ್ಕನ ಮಾತು ಅಂತ ಹೇಳುವುದಿಲ್ಲ.

ಗಾಡಿ ಓಡಿಸುವಾಗ ಗಂಡಸರ ಚರ್ಮದ ಚಪ್ಪಲಿ ಹಾಕುತ್ತಿದ್ದಳು, ಪೆಡಲ್ ಮೇಲೆ ಜಾರುವುದಿಲ್ಲ ಅಂತ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಕೀಲಿಯನ್ನು ಅರ್ಧ ತಿರುಗಿಸಿ ಸುಮ್ಮನೆ ಕೂರುತ್ತಿದ್ದಳು. ಹೊಸ ಕಾರುಗಳಲ್ಲಿ ಆಗ ಕೆಂಪು ಹಳದಿ ದೀಪಗಳು ಹತ್ತಿ ಒಂದೊಂದಾಗಿ ಆರುತ್ತವಲ್ಲ, ಅದಕ್ಕೆ ಕಾಯುವುದು. ಹಿಂದೆ ಕೂತವರು ಅವಸರ ಮಾಡಿದರೆ, “ಎದ್ದ ತಕ್ಷಣ ಯಾರ್ನೂ ಓಡಿಸ್‌ಬಾರ್ದು” ಅನ್ನುತ್ತಿದ್ದಳು. ಸಿಗ್ನಲ್ಲಿನಲ್ಲಿ ಆಟೋದವನೊಬ್ಬ ಒಮ್ಮೆ, ಮನೆಯಲ್ಲಿ ಒಲೆ ಇಲ್ಲವಾ ತಾಯಿ, ರೋಡಿಗೆ ಯಾಕೆ ಬಂದೆ ಅಂತ ತಮಿಳಿನಲ್ಲಿ ಕೂಗಿದ. ಅಕ್ಕ ಗಾಜು ಇಳಿಸಿ, “ಇದೆ ತಂಬಿ. ಅದರ ಮುಂದೆ ನಿಮ್ಮಮ್ಮನ್ನ ಕೂರಿಸಿ ಬಂದಿದೀನಿ” ಅಂತ ತಮಿಳಿನಲ್ಲೇ ಕೊಟ್ಟಳು. ಹಸಿರು ದೀಪ ಬಂದರೂ ಆಟೋದವನು ನಗುತ್ತ ಅಲ್ಲೇ ನಿಂತಿದ್ದ.

ಅಂಬಾಸಿಡರ್ ಮುದಿಯಾದ ಮೇಲೆ ಅದನ್ನು ಮಾರಿ ಕೆಲವು ಕಾಲ ಕಾಲ್ ಟ್ಯಾಕ್ಸಿ ಓಡಿಸಿದಳು. ಆಮೇಲೆ ಬೆಸೆಂಟ್ ನಗರದ ಮನೆಯೊಂದಕ್ಕೆ ಡ್ರೈವರ್ ಆಗಿ ಸೇರಿದಳು. ಯಜಮಾನರು ಹಡಗಿನಲ್ಲಿ ಎಂಜಿನಿಯರ್ ಆಗಿ ರಿಟೈರ್ ಆದವರು. ಅವರನ್ನು ಸಾರ್ ಅನ್ನುತ್ತಿದ್ದೆವು. ಅವರ ಹೆಂಡತಿಯನ್ನು ಮಾಮಿ. ಮಾಮಿಗೆ ಮಂಡಿ ನೋವು. ವಾರಕ್ಕೆ ಎರಡು ಸಲ ಪೋರೂರಿನ ಆಸ್ಪತ್ರೆಗೆ ಹೋಗಬೇಕಿತ್ತು. ಹೆಂಗಸು ಡ್ರೈವರ್ ಆದರೆ ಕೈ ಹಿಡಿದು ಇಳಿಸಿಕೊಳ್ಳುತ್ತಾಳೆ ಅಂತ ಅಕ್ಕನನ್ನು ಇಟ್ಟುಕೊಂಡರು. ಅಷ್ಟರಲ್ಲಿ ನಾನು ಪೋರೂರಿನಲ್ಲೇ ಸ್ವಂತ ಶೆಡ್ ಹಾಕಿದ್ದೆ. ಅಕ್ಕ ಹೇಳಿದ್ದಕ್ಕೆ ಸಾರ್ ತಮ್ಮ ಕಾರನ್ನು ನನ್ನಲ್ಲಿಗೆ ಕಳಿಸಿದರು. ಸಾರ್ ಹೇಳಿದ್ದಕ್ಕೆ ಅವರ ಅಪಾರ್ಟ್‌ಮೆಂಟಿನ ಇನ್ನೂ ಎಂಟೊಂಬತ್ತು ಕಾರುಗಳು ಬಂದವು. ನನ್ನ ಶೆಡ್ ನಿಂತದ್ದು ಅದರ ಮೇಲೆ.

ಸಾರ್ ಹೊರದೇಶದಿಂದ ಒಂದು ಮೀಟರ್ ತಂದಿದ್ದರು. ಸೋಪಿನ ಡಬ್ಬಿಯಷ್ಟು ದೊಡ್ಡದು. ಅದರ ವೈರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಎಂಜಿನ್ನಿನ ಒಳಗಿನ ಸುದ್ದಿಯೆಲ್ಲ ಅಂಕಿಯಲ್ಲಿ ಬರುತ್ತಿತ್ತು. ನೀರು ಎಷ್ಟು ಬಿಸಿ, ಎಂಜಿನ್ ಎಷ್ಟು ಸುತ್ತು, ಬ್ಯಾಟರಿ ಎಷ್ಟು, ಪೆಟ್ರೋಲ್ ಎಷ್ಟು ಕುಡಿಯುತ್ತಿದೆ. ಆ ಕಾಲಕ್ಕೆ ಅಂಥದ್ದನ್ನು ನಾನೂ ಕಂಡಿರಲಿಲ್ಲ. ಸಾರ್ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿ ಅಕ್ಕನಿಗೆ ಪಾಠ ಮಾಡಿದರು. ಹಡಗಿನಲ್ಲಿ ಎಂಜಿನ್ ಕಾಯುವವರು ಗಂಟೆಗೊಮ್ಮೆ ಅಂಕಿಗಳನ್ನು ಬರೆದಿಡುತ್ತಾರಂತೆ. “ನೀನೂ ಬರಿ” ಅಂದರು.

ಅಕ್ಕ ಬರೆದಳು. ಅಪ್ಪ ಕಲಿಸಿದ ಕನ್ನಡದ ಅಂಕಿಯಲ್ಲಿ ಬರೆದಳು. ವಾರದ ಕೊನೆಯಲ್ಲಿ ನೋಟ್‌ಬುಕ್ ತೆರೆದು ನೋಡಿದ ಸಾರ್, “ಏನಮ್ಮಾ ಇದು, ಪುಟದ ತುಂಬ ಜಿಲೇಬಿ?” ಅಂದರಂತೆ. ಅಕ್ಕ, “ನೀವು ನಿಮ್ಮ ಮೀಟರಿನ ಭಾಷೆ ಕಲಿಸಿದ್ರಿ, ನಾನು ಇದನ್ನ ಕಲಿಸ್ತೀನಿ ಸಾರ್” ಅಂದಳಂತೆ. ಎಪ್ಪತ್ತು ದಾಟಿದ ಆ ಮನುಷ್ಯ ಎರಡು ದಿನದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಕಲಿತುಬಿಟ್ಟರು. ಎಂಟು ಮಾತ್ರ ಅವರಿಗೆ ಕೊನೆಯವರೆಗೂ ತಲೆಕೆಳಗಾಗೇ ಬರುತ್ತಿತ್ತಂತೆ.

ಆ ಮೀಟರಿಗೆ ಅಕ್ಕ ಇಟ್ಟ ಹೆಸರು ಜ್ವರದ ಕಡ್ಡಿ. ಮಾಮಿ ಆಸ್ಪತ್ರೆಯೊಳಗಿದ್ದಾಗ ನನ್ನ ಶೆಡ್ಡಿಗೆ ಬಂದು ಟೀ ಕುಡಿಯುತ್ತ ಹೇಳುತ್ತಿದ್ದಳು. “ನೀರು ಎಂಬತ್ತೆಂಟು ಕನ್ಲಾ. ಸುಖವಾಗವ್ನೆ.” ನಾನು ನಗುತ್ತಿದ್ದೆ. “ಅಕ್ಕ, ಎಂಜಿನ್ನು ನಿನ್ನ ಗಂಡನೋ ಮಗನೋ?” “ಯಾರಾದ್ರೇನ್ಲಾ. ಬಾಯಿ ಇಲ್ದೋರ್ನ ನಾವೇ ಮುಟ್ಟಿ ನೋಡ್ಬೇಕು.”

ಒಂದು ಏಪ್ರಿಲ್ ಮಧ್ಯಾಹ್ನ ಅಡ್ಯಾರ್ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಅಂಕಿ ತೊಂಬತ್ತಾರು, ತೊಂಬತ್ತೊಂಬತ್ತು, ನೂರಾನಾಲ್ಕು ಅಂತ ಏರಿತು. ಹಿಂದೆ ಮಾಮಿ ಇದ್ದರು. ಅಕ್ಕ ಅಲ್ಲೇ, ಸೇತುವೆಯ ನಡುವೆಯೇ, ಎಂಜಿನ್ ಆರಿಸಿಬಿಟ್ಟಳು. ಸುತ್ತ ಹಾರನ್ನು, ಬೈಗುಳ. ಪೊಲೀಸ್ ಬಂದು ಬಾನೆಟ್ಟಿನ ಮೇಲೆ ಬಡಿದ. ಅಕ್ಕ ಜಗ್ಗಲಿಲ್ಲ. ಆಮೇಲೆ ನಾನು ಬಿಚ್ಚಿ ನೋಡಿದರೆ ಇನ್ನು ಐದು ನಿಮಿಷ ಓಡಿಸಿದ್ದರೂ ಎಂಜಿನ್ನಿನ ಹೆಡ್ ಬಾಗುತ್ತಿತ್ತು. ಸಾರ್ ನನ್ನೆದುರೇ ಹೇಳಿದರು: “ಇಂಥವಳು ಒಬ್ಬಳು ನನ್ನ ಕೈಕೆಳಗೆ ಇದ್ದಿದ್ದರೆ ಸಮುದ್ರದ ಮೇಲೆ ನಾನು ನಿದ್ದೆ ಮಾಡಿರುತ್ತಿದ್ದೆ.”

ಆ ದಿನ ಕೆಟ್ಟದ್ದು ಥರ್ಮೋಸ್ಟಾಟ್. ಅದೊಂದು ಚಿಕ್ಕ ಬಾಗಿಲು ಅಷ್ಟೇ. ನೀರು ತಣ್ಣಗಿದ್ದಾಗ ಮುಚ್ಚಿಕೊಂಡು, ಬಿಸಿಯಾದ ಮೇಲೆ ತೆರೆದು, ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಆ ಬಾಗಿಲು ಮುಚ್ಚಿದಲ್ಲೇ ಕಚ್ಚಿಕೊಂಡಿತ್ತು. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಅದಕ್ಕೆ ಮಾಡುವುದು ಒಂದೇ ಕೆಲಸ. ಕಿತ್ತು ಬಿಸಾಡುವುದು. ಈ ಊರಿನ ಬಿಸಿಲಿಗೆ ಎಂಜಿನ್ ಬಿಸಿ ಮಾಡುವ ಸಾಮಾನು ಯಾಕೆ, ಅದು ಚಳಿ ದೇಶದವರಿಗೆ ಅಂತ ನನ್ನ ಗುರು ಕಲಿಸಿದ್ದ. ನಾನೂ ಕಿತ್ತು ಬಿಸಾಡಿದೆ. ಬಾಗಿಲೇ ಇಲ್ಲದ ಮನೆ ಮಾಡಿ ಕಾರು ಕಳಿಸಿದೆ. ಅದು ತಪ್ಪು ಅಂತ ಆಗ ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗಿನದು ಅಜ್ಞಾನ. ನನ್ನ ಪಾಪ ಶುರುವಾಗುವುದು ಅದರ ನಂತರ.

ಮುಂದಿನ ವಾರ ಅಕ್ಕ ಟೀ ಲೋಟ ಹಿಡಿದು ಅಂದಳು. “ನೀರು ಬಿಸಿ ಏರ್ತಾ ಇಲ್ಲ ಕನ್ಲಾ. ದೊಡ್ಡ ರೋಡಿಗೆ ಬಿಟ್ರೆ ಅರವತ್ತೆಂಟಲ್ಲೇ ನಿಂತ್ಕತದೆ.”

“ಮದರಾಸಿನಲ್ಲಿ ಬಿಸಿ ಆಗಲಿಲ್ಲ ಅಂತ ಅಳೋಳು ನೀನೊಬ್ಬಳೇ ಅಕ್ಕ.”

“ನಗಬೇಡ. ಮೈ ತಣ್ಣಗಾದ್ರೂ ಕಾಯಿಲೇನೇ.”

ಹದಿನೈದು ದಿನಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ಆ ಮೀಟರಿನಲ್ಲೇ ದೀಪ ಅಳಿಸುವ ಬಟನ್ನೂ ಇತ್ತು. ನಾನು ಒತ್ತಿ ಆರಿಸಿದೆ. ಅಕ್ಕ ನೋಡುತ್ತ ನಿಂತಿದ್ದಳು. “ದೀಪ ಆರಿಸ್ಬುಟ್ರೆ ಮನೇಲಿ ಕಳ್ಳ ಇಲ್ಲ ಅಂತಾನಾ?” ಅಂದಳು.

ಅವಳೇ ಹೋಗಿ ಸಾರ್‌ಗೆ ಅರವತ್ತೆಂಟರ ಸುದ್ದಿ ಹೇಳಿರಬೇಕು. ಒಂದು ದಿನ ಅವರೇ ಶೆಡ್ಡಿಗೆ ಬಂದರು. ಗ್ರೀಸಿನ ಡಬ್ಬದ ಮೇಲೆ ಪೇಪರ್ ಹಾಸಿ ಕೂತು, ಥರ್ಮೋಸ್ಟಾಟ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಿದರು. ನೀರು ಬಿಸಿಯಾಗದಿದ್ದರೆ ಎಂಜಿನ್ನು ತಾನಿನ್ನೂ ಈಗ ಎದ್ದವನು ಅಂದುಕೊಂಡು ಪೆಟ್ರೋಲ್ ಕುಡಿಯುತ್ತಲೇ ಇರುತ್ತದಂತೆ. ನನಗೆ ಕಿವಿ ಬಿಸಿಯಾಯಿತು. ಏಳೆಂಟು ವರ್ಷದಿಂದ ನಾನು ಎಷ್ಟು ಕಾರುಗಳಿಗೆ ಹೀಗೆ ಮಾಡಿದ್ದೆನೋ. ಶೆಡ್ಡಿನ ಹುಡುಗರು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಸಾರ್ ಕೇಳಿದರು. “ನೀನು ಹಾಕಿದ್ದೀ ಅಲ್ಲವಾ?”

“ಹೊಸದೇ ಹಾಕಿದ್ದೀನಿ ಸಾರ್” ಅಂದೆ.

ಕಿತ್ತುಹಾಕಿದೆ, ತಿಳಿಯಲಿಲ್ಲ ಅಂದಿದ್ದರೆ ಅವರು ಬೈಯುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಓದಿದವರ ಎದುರು ಓದದವನಾಗಿ ಕಾಣಲು ನಾಚಿಕೆಯಾಯಿತು, ಅಷ್ಟೇ. ಸಾರ್ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಈ ಮೀಟರೇ ಸುಳ್ಳು ಹೇಳುತ್ತಿದೆ” ಅಂದರು. ವೈರ್ ಕಿತ್ತು ಅದನ್ನು ಜೇಬಿಗೆ ಹಾಕಿಕೊಂಡರು. ಮನುಷ್ಯನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಅವರು. ಅಕ್ಕ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಹತ್ತು ದಿನ ಬರುತ್ತಿದ್ದ ಟ್ಯಾಂಕು ಎಂಟು ದಿನ ಬರತೊಡಗಿತು. ಎಂಜಿನ್ ಸರಿಯಾಗಿದೆ, ಥರ್ಮೋಸ್ಟಾಟ್ ಹೊಸದು, ಸೋರಿಕೆ ಇಲ್ಲ. ಹಾಗಿದ್ದರೆ ಪೆಟ್ರೋಲ್ ಎಲ್ಲಿಗೆ ಹೋಗುತ್ತಿದೆ? ಡ್ರೈವರ್ ಇರುವ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಸಾರ್ ಏನೂ ಅನ್ನದೆ ಒಳಗೆ ಹೋದರಂತೆ. ಹೇಳಿದವರು ಮಾಮಿ. “ಕಷ್ಟ ಇದ್ದರೆ ಕೇಳಬಾರದಿತ್ತಾ? ಟ್ಯೂಬ್ ಹಾಕಿ ಪೆಟ್ರೋಲ್ ಎಳೆಯಬೇಕಿತ್ತಾ? ನಾಳೆಯಿಂದ ಬರಬೇಡಮ್ಮಾ.” ಗೇಟಿನ ವಾಚ್‌ಮನ್ನಿನಿಂದ ಹಿಡಿದು ಅಪಾರ್ಟ್‌ಮೆಂಟಿನ ಕೆಲಸದವರವರೆಗೆ ಎಲ್ಲರಿಗೂ ಸುದ್ದಿಯಾಯಿತು.

ಅಕ್ಕ ಮಾರನೆಯ ದಿನ ಬಸ್ಸಿನಲ್ಲಿ ಪೋರೂರಿಗೆ ಬಂದಳು. ಶೆಡ್ಡಿನ ಹುಡುಗರನ್ನು ಟೀಗೆ ಕಳಿಸಿ ನೋಟ್‌ಬುಕ್ ನನ್ನ ಮುಂದೆ ಬಿಚ್ಚಿದಳು.

“ನೀನು ಬಿಚ್ಚಿದ್ ದಿನ ಇದು. ಅದಕ್ಕೆ ಹಿಂದ್ಲ ವಾರ ಎಲ್ಲಾ ಎಂಬತ್ತೆಂಟು. ಆಮ್ಯಾಕೆ ಅರವತ್ತೆಂಟು. ಹಾಕಿದ್ಯೋ, ಕಿತ್ತು ಬಿಸಾಕಿದ್ಯೋ?”

“ಎಲ್ಲಾರೂ ಹಂಗೇ ಮಾಡದು ಅಕ್ಕ.”

“ಎಲ್ಲಾರೂ ಮಾಡ್ಲಿ. ಕೇಳ್ದಾಗ ಹೊಸದು ಹಾಕಿದೀನಿ ಅಂದ್ಯಲ್ಲ, ಅದನ್ನೂ ಎಲ್ಲಾರೂ ಅಂತಾರಾ?”

ನಾನು ಅವಳ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಆ ಅಪಾರ್ಟ್‌ಮೆಂಟಿನ ಗಾಡಿಗಳು ಹೋದರೆ ಶೆಡ್ ಮುಚ್ಚಬೇಕು ಅಂದೆ. ನನ್ನ ಹೆಂಡತಿ ಆಗ ಬಸುರಿ, ಅದನ್ನೂ ಅಂದೆ. ಅಕ್ಕ ನೋಟ್‌ಬುಕ್ ಮಡಚಿದಳು.

“ನಾನು ತೋರಿಸಲ್ಲ ಬುಡು. ತೋರಿಸಿದ್ರೂ, ಕಳ್ಳಿ ತಮ್ಮನ ಮೇಲೆ ಹಾಕ್ತಾವ್ಳೆ ಅಂತಾರೆ. ನೀನೇ ಹೋಗಿ ಒಂದ್ ಮಾತು ಹೇಳು.”

“ಭಾನುವಾರ ಹೋಯ್ತೀನಿ ಅಕ್ಕ.”

ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಸಾರ್‌ಗೆ ನನ್ನ ಮೇಲಿನ ನಂಬಿಕೆ ಹೋಗಿರಲಿಲ್ಲ, ಅಷ್ಟರಲ್ಲಿ ಅದೇ ಕಾರು ಹೊಸ ಡ್ರೈವರನ ಜೊತೆ ಸರ್ವೀಸಿಗೆ ಬಂತು. ಬಾಯಿಬಿಟ್ಟು ಹೇಳಲಾಗದಿದ್ದರೆ ಕೈಯಿಂದಲಾದರೂ ಸರಿ ಮಾಡೋಣ ಅಂದುಕೊಂಡೆ. ಯಾರಿಗೂ ತಿಳಿಯದ ಹಾಗೆ ಹೊಸ ಥರ್ಮೋಸ್ಟಾಟ್ ತಂದು ಹಾಕಿದೆ. ಅಂದು ಮನಸ್ಸು ಹಗುರಾಯಿತು. ನನ್ನ ಬುದ್ಧಿ ಅಷ್ಟೇ.

ಹೊಸ ಡ್ರೈವರ್ ತಿಂಗಳ ನಂತರ ಬಂದು ನಗುತ್ತ ಹೇಳಿದ: “ಗಾಡಿ ಈಗ ಹತ್ತು ದಿನ ಓಡ್ತಿದೆ ಅಣ್ಣಾ. ಮಾಮಿ ಹೇಳ್ತಾರೆ, ಡ್ರೈವರ್ ಬದಲಾದ ತಕ್ಷಣ ಪೆಟ್ರೋಲ್ ಸರಿಹೋಯ್ತು, ಅಷ್ಟು ದಿನ ಆ ಹೆಂಗಸು ಕದ್ದದ್ದು ನಿಜವೇ ಅಂತ.” ಅವಳು ನನ್ನ ಅಕ್ಕ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅವಳ ಮೇಲೆ ಅದುವರೆಗೆ ಇದ್ದದ್ದು ಬರೀ ಅನುಮಾನ. ನಾನು ಕದ್ದು ಮಾಡಿದ ರಿಪೇರಿ ಅದಕ್ಕೆ ಸಾಕ್ಷಿ ಹೇಳಿತು.

ಅಕ್ಕ ಆಮೇಲೆ ಕೋಯಂಬೇಡಿನಿಂದ ಮೈಲಾಪೂರಿಗೆ ಹೂವು ತರುವ ವ್ಯಾನ್ ಓಡಿಸಿದಳು. ಅದರಲ್ಲಿ ಸಾಕೆಟ್ಟೂ ಇಲ್ಲ, ಮೀಟರೂ ಇಲ್ಲ. ಬಾನೆಟ್ ಮುಟ್ಟಿ ನೋಡಿ ಹೊರಡುತ್ತಿದ್ದಳು. ಹಬ್ಬಕ್ಕೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ನನ್ನ ಮಗನನ್ನು ಎತ್ತಿ ಆಡಿಸಿದಳು, ನನ್ನ ಹೊಟ್ಟೆ ಬೆಳೆದದ್ದನ್ನು ನೋಡಿ, “ನಿಂಗೂ ಒಂದು ಜ್ವರದ ಕಡ್ಡಿ ಚುಚ್ಚಬೇಕು ಕನ್ಲಾ” ಅಂತ ನಗಿಸಿದಳು. ಆ ವಿಷಯ ಎತ್ತಿದ್ದು ಒಂದೇ ಸಲ. ಯುಗಾದಿಗೆ ಎಲೆಯ ಮುಂದೆ ಕೂತಾಗ ಮೆಲ್ಲಗೆ, “ಆ ಭಾನ್ವಾರ ಯಾವಾಗ ಬತ್ತದ್ಲಾ?” ಅಂದಳು. ನಾನು ನೀರು ಕುಡಿದೆ. ಅವಳು ಹೋಳಿಗೆ ಹಾಕಿಸಿಕೊಂಡಳು. ಮತ್ತೆ ಕೇಳಲಿಲ್ಲ. ಸಾರ್ ತೀರಿಕೊಂಡಾಗ ಇನ್ನು ಹೇಳುವುದಕ್ಕೆ ಯಾರಿದ್ದಾರೆ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಮಾಮಿ ಇದ್ದರು.

ಬೆಸೆಂಟ್ ನಗರದ ಕೆಲಸ ಹೋದ ನಾಲ್ಕು ವರ್ಷಕ್ಕೆ ಅಕ್ಕ ತೀರಿಕೊಂಡಳು. ವ್ಯಾನಿನಿಂದ ಹೂವಿನ ಮೂಟೆ ಇಳಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ.

ಹನ್ನೊಂದನೇ ದಿನ ಮೈಲಾಪೂರಿನ ಮನೆಯಲ್ಲಿ ತಿಥಿ. ಅಕ್ಕನ ಮಗಳಿಗೆ ಈಗ ಹತ್ತೊಂಬತ್ತು. ತಮಿಳು ಸ್ಕೂಲಿನಲ್ಲಿ ಓದಿದವಳು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಬೆಳಿಗ್ಗೆ ಇಬ್ಬರೂ ಕೂತು ಬಾಳೆಲೆ ಒರೆಸುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಅವಳು ಅಂದಳು. “ಮಾಮಾ, ಬೆಸೆಂಟ್ ನಗರದಲ್ಲಿ ಅಮ್ಮ ಪೆಟ್ರೋಲ್ ತೆಗೆದದ್ದು ನನ್ನ ಸ್ಕೂಲ್ ಫೀಸಿಗೇ ಇರಬೇಕು. ಆಗ ಅಮ್ಮನ ಜೊತೆ ರೋಡಿನಲ್ಲಿ ನಡೆಯೋಕೆ ನಾಚಿಕೆಯಾಗ್ತಿತ್ತು. ಎರಡು ಹೆಜ್ಜೆ ಹಿಂದೆ ಬರ್ತಿದ್ದೆ. ಈಗ ಮನ್ನಿಸಿಬಿಟ್ಟಿದ್ದೀನಿ.”

ಮಾಡದ ತಪ್ಪಿಗೆ, ಸತ್ತ ಮೇಲೆ ಮಗಳಿಂದ ಕ್ಷಮೆ ಪಡೆದ ತಾಯಿ. ಈಗಲೂ ಸುಮ್ಮನಿರಬಹುದಿತ್ತು. ಆದರೂ ಎಲೆ ಕೆಳಗಿಟ್ಟೆ. ಆಮೇಲೆ ಹೇಳಿದೆ. ಥರ್ಮೋಸ್ಟಾಟಿನಿಂದ ಹಿಡಿದು ಹೊಸ ಡ್ರೈವರನ ಮಾತಿನವರೆಗೆ, ಬಿಡದೆ ಹೇಳಿದೆ.

ಅವಳು ಅಳಲಿಲ್ಲ. ಕೈಯಲ್ಲಿದ್ದ ಎಲೆ ಒರೆಸಿ ಮುಗಿಸಿ ಕೇಳಿದಳು. “ನಾನು ಅದನ್ನ ನಂಬಿದ್ದೆ ಅಂತ ಅಮ್ಮನಿಗೆ ಗೊತ್ತಿತ್ತಾ?”

“ಗೊತ್ತಿತ್ತು” ಅಂದೆ. ಎರಡು ಹೆಜ್ಜೆ ಹಿಂದೆ ಬರುವವಳು ಯಾಕೆ ಹಿಂದೆ ಬರುತ್ತಾಳೆ ಅಂತ ಅಕ್ಕನಿಗೆ ತಿಳಿಯದೆ ಇರುತ್ತದೆಯೇ?

“ಬೆಸೆಂಟ್ ನಗರಕ್ಕೆ ಹೋಗಿ ಹೇಳಿದ್ರಾ?”

“ಇಲ್ಲ.”

ಸೋದರಮಾವನಿಗೆ ಮೊದಲ ಎಲೆ ಹಾಕುವುದು ನಮ್ಮಲ್ಲಿ ಪದ್ಧತಿ. ಅವಳು ಆ ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು. “ಹೋಗಿ ಹೇಳಿ ಬನ್ನಿ ಮಾಮಾ. ಆಮೇಲೆ ಊಟ.”

ಆಟೋದಲ್ಲಿ ಹೋದೆ. ಮಾಮಿ ಬಾಲ್ಕನಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಗುರುತು ಹಿಡಿದು, “ಮೆಕ್ಯಾನಿಕ್ ಅಲ್ಲವಾ, ಬಾಪ್ಪಾ” ಅಂದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ನಿಮ್ಮಲ್ಲಿ ಡ್ರೈವರ್ ಆಗಿದ್ದವಳು ನನ್ನ ಸ್ವಂತ ಅಕ್ಕ, ನಿಮಗೆ ಗೊತ್ತಲ್ಲ, ಒಂದು ಹನಿಯನ್ನೂ ಮುಟ್ಟಲಿಲ್ಲ, ಸುಳ್ಳು ಹೇಳಿದವನು ನಾನು ಅಂದೆ. ಮಾಮಿ ನನ್ನನ್ನು ಬೈಯುತ್ತಾರೆ ಅಂತ ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಎರಡೂ ಕೈಯಿಂದ ಕುರ್ಚಿ ಹಿಡಿದು ಏಳಲು ನೋಡಿದರು.

“ಅಯ್ಯೋ, ಟ್ಯೂಬ್ ಹಾಕಿ ಪೆಟ್ರೋಲ್ ಎಳೆದೆ ಅಂತ ಅವಳಿಗೆ ಅಂದುಬಿಟ್ಟೆನಲ್ಲ ನಾನು. ಕೆಳಗೆ ಆಟೋ ಇದೆಯಾ? ನನ್ನನ್ನ ಅವಳ ಹತ್ತಿರ ಕರ್ಕೊಂಡು ಹೋಗು. ಈಗಲೇ ಹೋಗೋಣ. ಅವಳ ಕೈ ಹಿಡ್ಕೊಂಡು ಕೇಳ್ಕೋಬೇಕು ನಾನು.” ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಕಾಲಿನಿಂದ ಚಪ್ಪಲಿ ತಡಕುತ್ತ, “ಮನೆಯಲ್ಲಿ ಇರ್ತಾಳಲ್ಲ ಈಗ?” ಅಂದರು.

ಅವರ ಮಂಡಿಗೆ ಬಾಗಲು ಆಗುವುದಿಲ್ಲ. ನಾನು ಕೂತು ಚಪ್ಪಲಿ ಹತ್ತಿರ ಸರಿಸಿ ಅವರ ಪಾದ ಹಿಡಿದುಕೊಂಡೆ. ಹಾಗೆ ಹಿಡಿದುಕೊಂಡೇ, ಅಕ್ಕ ಹೋಗಿ ಇವತ್ತಿಗೆ ಹನ್ನೊಂದು ದಿನ ಆಯಿತು ಮಾಮಿ ಅಂದೆ.